ದನಗಳ ಕೊರೊನಾ: ಕರುವಿನ ಭೇದಿಯೂ ಹಸುವಿನ ಕೆಮ್ಮೂ ಒಂದೇ ವೈರಸ್ಸಿನದು

ಪ್ರಶ್ನೆ: ನಮ್ಮಲ್ಲಿ ಸುಮಾರು 40 ಹಸುಗಳಿವೆ. ಈ ಸಲ ಚಳಿ ಶುರುವಾದ ಮೇಲೆ ಒಂದೆರಡು ವಾರದ ಕರುಗಳಿಗೆ ಒಂದರ ಹಿಂದೆ ಒಂದಕ್ಕೆ ಹಳದಿ ನೀರುಭೇದಿ ಹತ್ತಿತು, ಎರಡು ಕರು ಸತ್ತವು. ಮೂರು ವಾರದ ನಂತರ, ಹೊಸದಾಗಿ ತಂದ ಎರಡು ಹಸುಗಳು ಕೆಮ್ಮತೊಡಗಿದವು. ಅದಾದ ನಾಲ್ಕೈದು ದಿನಕ್ಕೆ ಹಾಲು ಕೊಡುವ ಹಸುಗಳಿಗೆಲ್ಲ ಒಟ್ಟಿಗೇ ಕಪ್ಪನೆಯ ನೀರುಭೇದಿಯಾಗಿ ಹಾಲು ಅರ್ಧಕ್ಕಿಳಿಯಿತು. ಸಗಣಿ ಪರೀಕ್ಷೆಯ ವರದಿಯಲ್ಲಿ 'ಬೋವೈನ್ ಕೊರೊನಾವೈರಸ್ ಪಾಸಿಟಿವ್' ಎಂದಿದೆ. ಇದು ಕೋವಿಡ್ ವೈರಸ್ಸೇ? ರೂಪ ಬದಲಿಸಿಕೊಂಡು ಪ್ರತಿ ವರ್ಷ ಬರುತ್ತದೆಯೇ? ಲಸಿಕೆ ಇದೆಯೇ? ಮನೆಯವರಿಗೂ ಅಂಟುತ್ತದೆಯೇ? ಮುಂದಿನ ಸಲ ತಡೆಯಲು ಏನು ಮಾಡಬೇಕು?

ಉತ್ತರ: ಇದು ಕೋವಿಡ್ ವೈರಸ್ ಅಲ್ಲ. ಎರಡೂ ಬೀಟಾ ಕೊರೊನಾ ಎಂಬ ಒಂದೇ ಮನೆತನಕ್ಕೆ ಸೇರಿದವು, ಆದರೆ ಕವಲು ಬೇರೆ ಬೇರೆ. ಕೋವಿಡ್‌ನದು ಸಾರ್ಬೆಕೊ ಕವಲು, ದನಗಳದು ಎಂಬೆಕೊ ಕವಲು. ಕರುಗಳ ಭೇದಿಯಲ್ಲಿ ಈ ವೈರಸ್ಸನ್ನು ಅಮೆರಿಕದ ನೆಬ್ರಾಸ್ಕಾದಲ್ಲಿ ಗುರುತಿಸಿದ್ದು 1970ರ ದಶಕದ ಆರಂಭದಲ್ಲಿ. ಅಂದರೆ ಕೋವಿಡ್ ಬರುವುದಕ್ಕೆ ಹೆಚ್ಚುಕಡಿಮೆ ಐವತ್ತು ವರ್ಷ ಮೊದಲೇ ಪಶುವೈದ್ಯರಿಗೆ ಇದರ ಪರಿಚಯವಿತ್ತು. ದನ ಸಾಕುವ ಹೆಚ್ಚಿನ ದೇಶಗಳಲ್ಲಿ ದೊಡ್ಡ ದನಗಳ ರಕ್ತ ಪರೀಕ್ಷಿಸಿದರೆ ಬಹುಪಾಲು ದನಗಳಲ್ಲಿ ಇದರ ವಿರುದ್ಧದ ಪ್ರತಿಕಾಯ ಸಿಗುತ್ತದೆ.

ನೀವು ಕರುಗಳ ಭೇದಿ, ಹೊಸ ಹಸುಗಳ ಕೆಮ್ಮು, ದೊಡ್ಡ ಹಸುಗಳ ಭೇದಿ ಎಂದು ಮೂರು ಘಟನೆ ಬರೆದಿದ್ದೀರಿ. ಇವು ಮೂರು ರೋಗ ಎಂದುಕೊಂಡರೆ ತಡೆಯುವ ದಾರಿ ಸಿಗುವುದಿಲ್ಲ. ಒಂದೇ ವೈರಸ್ ಎಳೆಗರುವಿನ ಕರುಳಲ್ಲಿ ಭೇದಿಯಾಗಿ, ಬೆಳೆದ ಕರು ಮತ್ತು ಸಾಗಣೆಯಾದ ದನದ ಮೂಗು-ಶ್ವಾಸನಾಳದಲ್ಲಿ ಕೆಮ್ಮಾಗಿ, ಹಾಲಿನ ಹಸುವಿನ ದೊಡ್ಡ ಕರುಳಲ್ಲಿ 'ಚಳಿಗಾಲದ ಆಮಶಂಕೆ'ಯಾಗಿ ಕಾಣಿಸಿಕೊಳ್ಳುತ್ತದೆ. ಕರುಳಿನ ತಳಿ ಒಂದು, ಶ್ವಾಸಕೋಶದ ತಳಿ ಇನ್ನೊಂದು ಎಂದು ಮೊದಮೊದಲು ಭಾವಿಸಿದ್ದುಂಟು. ಜೀನುಗಳನ್ನು ಓದಿ ನೋಡಿದಾಗ ಹಾಗೆ ಖಚಿತವಾಗಿ ಬೇರ್ಪಡಿಸುವ ಗುರುತು ಸಿಗಲಿಲ್ಲ. ಒಂದೇ ದನದ ಮೂಗಿನಲ್ಲೂ ಸಗಣಿಯಲ್ಲೂ ಅದೇ ತಳಿ ಸಿಗುವುದು ಸಾಮಾನ್ಯ.

ಕರುಳೊಳಗೆ ಏನಾಗುತ್ತದೆ

ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ನಿಂತ ಬೆರಳುಗಳಿರುತ್ತವೆ. ಹಾಲಿನ ಸಕ್ಕರೆ ಜೀರ್ಣವಾಗುವುದೂ ನೀರು ಹೀರಲ್ಪಡುವುದೂ ಆ ಬೆರಳುಗಳ ಮೇಲಿನ ಕೋಶಗಳಲ್ಲಿ. ವೈರಸ್ ಅವುಗಳಿಗೆ ಹೊಕ್ಕು ಸಾಯಿಸಿದಾಗ ಬೆರಳುಗಳು ಮೊಂಡಾಗುತ್ತವೆ. ಜೀರ್ಣವಾಗದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿದು ಹುದುಗಿ ನೀರನ್ನು ಎಳೆದುಕೊಳ್ಳುತ್ತದೆ. ರೋಟಾವೈರಸ್ ಮಾಡುವುದೂ ಇದನ್ನೇ, ಆದರೆ ಅದು ಹೆಚ್ಚಾಗಿ ಸಣ್ಣ ಕರುಳಲ್ಲೇ ನಿಲ್ಲುತ್ತದೆ. ಕೊರೊನಾ ದೊಡ್ಡ ಕರುಳಿಗೂ ಹೋಗಿ ಅಲ್ಲಿನ ಗುಳಿಗಳ ಕೋಶಗಳನ್ನೂ ಹಾಳುಮಾಡುತ್ತದೆ. ಮೇಲೆ ತಪ್ಪಿದ ನೀರನ್ನು ಕೆಳಗೆ ಹಿಡಿದುಕೊಳ್ಳಬೇಕಾದ ಭಾಗವೇ ಕೆಲಸ ನಿಲ್ಲಿಸುವುದರಿಂದ ಕೊರೊನಾ ಭೇದಿ ಸಾಮಾನ್ಯವಾಗಿ ರೋಟಾ ಭೇದಿಗಿಂತ ಜೋರಾಗಿಯೂ ಹೆಚ್ಚು ದಿನವೂ ಇರುತ್ತದೆ. ಸಗಣಿಯಲ್ಲಿ ಲೋಳೆ, ಹೆಪ್ಪುಗಟ್ಟಿದ ಹಾಲಿನ ತುಣುಕು, ಕೆಲವೊಮ್ಮೆ ರಕ್ತದ ಗೆರೆ ಕಾಣುವುದೂ ಇದೇ ಕಾರಣಕ್ಕೆ. ಸೋಂಕು ತಗುಲಿ ಒಂದೆರಡು ದಿನದಲ್ಲಿ ಭೇದಿ ಶುರುವಾಗಿ ಮೂರರಿಂದ ಆರು ದಿನ ಹರಿಯುತ್ತದೆ. ಕರು ಸಾಯುವುದು ನೀರು ಮತ್ತು ಲವಣ ಕಳೆದುಕೊಂಡು, ರಕ್ತದಲ್ಲಿ ಆಮ್ಲ ಏರಿ. ಚಿಕಿತ್ಸೆಗೆ ಇದೇ ಕೀಲಿ, ಮುಂದೆ ವಿವರಿಸುತ್ತೇನೆ.

ವೈರಸ್ ಇದ್ದದ್ದೆಲ್ಲಿ, ಬಂದದ್ದೆಲ್ಲಿಂದ

ಭೇದಿ ಇಲ್ಲದ ತಿಂಗಳುಗಳಲ್ಲೂ ವೈರಸ್ ಮಂದೆಯಲ್ಲೇ ಇರುತ್ತದೆ. ಆರೋಗ್ಯವಾಗಿ ಕಾಣುವ ದೊಡ್ಡ ಹಸುಗಳು ಆಗೀಗ ಸಗಣಿಯಲ್ಲೂ ಮೂಗಿನ ಸಿಂಬಳದಲ್ಲೂ ಅದನ್ನು ಸ್ವಲ್ಪ ಸ್ವಲ್ಪ ಹೊರಹಾಕುತ್ತವೆ. ಕರು ಹಾಕುವ ಆಸುಪಾಸಿನ ದಿನಗಳಲ್ಲಿ ಮತ್ತು ಚಳಿಗಾಲದಲ್ಲಿ ಇದು ಹೆಚ್ಚುತ್ತದೆ. ಹಸುವಿನ ಕರುಳಲ್ಲಿರುವ ಪ್ರತಿಕಾಯ ವೈರಸ್ಸಿಗೆ ಅಂಟಿಕೊಂಡಿರುವುದರಿಂದ ಕೆಲವು ಪರೀಕ್ಷೆಗಳಿಗೆ ಅದು ಕಾಣುವುದೂ ಇಲ್ಲ. ಕರು ನೆಲಕ್ಕೆ ಬಿದ್ದು, ಕೊಳೆಯಾದ ಕೆಚ್ಚಲಿಗೆ ಬಾಯಿ ಹಾಕಿದಾಗ ಮೊದಲ ಗುಟುಕಿನ ಜೊತೆಗೇ ವೈರಸ್ ಒಳಹೋಗಬಹುದು.

ಆದರೂ ಮೊದಲು ಹುಟ್ಟಿದ ಕರುಗಳಿಗೆ ಹೆಚ್ಚು ತೊಂದರೆಯಾಗದೆ, ಹಂಗಾಮಿನ ಮಧ್ಯದಲ್ಲಿ ಹುಟ್ಟಿದವು ಒಂದೊಂದಾಗಿ ಮಲಗುವುದನ್ನು ನೀವು ಗಮನಿಸಿರಬಹುದು. ಕಾರಣ ಪ್ರಮಾಣ. ಹಸು ಹೊರಹಾಕುವ ವೈರಸ್ ಕಡಿಮೆ. ಆ ಅಲ್ಪವನ್ನು ಮೊದಲ ಕರು ತೆಗೆದುಕೊಂಡು, ತಾನು ಲಘುವಾಗಿ ನರಳಿ ಅಥವಾ ನರಳದೆಯೇ, ಕೋಟಿಗಟ್ಟಲೆ ಮಾಡಿ ನೆಲಕ್ಕೆ ಬಿಡುತ್ತದೆ. ಮುಂದಿನ ಕರು ಅದರ ಮೇಲೆ ಮಲಗುತ್ತದೆ. ಹೀಗೆ ಪ್ರತಿ ಕರುವೂ ಹಿಂದಿನದಕ್ಕಿಂತ ದೊಡ್ಡ ಪ್ರಮಾಣವನ್ನು ಎದುರಿಸುತ್ತದೆ. 'ವೈರಸ್ ದಿನೇ ದಿನೇ ಉಗ್ರವಾಯಿತು' ಎಂದು ಅನ್ನಿಸುವುದು ಹೆಚ್ಚಾಗಿ ಇದರಿಂದಲೇ. ವೈರಸ್ ಅದೇ ಇರುತ್ತದೆ, ಹಾಸಿಗೆ ಮಾತ್ರ ಬದಲಾಗಿರುತ್ತದೆ.

ಎರಡನೇ ದಾರಿ ಮೂಗು. ದನಗಳು ಪರಸ್ಪರ ಮೂತಿ ತಾಗಿಸುವುದು, ಒಂದೇ ತೊಟ್ಟಿಯಲ್ಲಿ ನೀರು ಕುಡಿಯುವುದು, ಮುಚ್ಚಿದ ಕೊಟ್ಟಿಗೆಯಲ್ಲಿ ಕೆಮ್ಮುವುದು, ಎಲ್ಲವೂ ಹನಿಗಳಲ್ಲಿ ವೈರಸ್ ಹಂಚುತ್ತವೆ. ಸಾಗಣೆಯ ದಣಿವು, ಹೊಸ ಮಂದೆಯ ಒತ್ತಡ, ಮೇವಿನ ಬದಲಾವಣೆ ಸೇರಿದಾಗ ಸುಪ್ತವಾಗಿದ್ದದ್ದು ಏಳುತ್ತದೆ. ಸಾಗಿಸಿದ ದನಗಳ ಮೂಗಿನಲ್ಲಿ ವೈರಸ್ ಬಂದಿಳಿದ ಮೊದಲ ವಾರ-ಹತ್ತು ದಿನಗಳಲ್ಲೇ ಹೆಚ್ಚಾಗಿ ಸಿಗುತ್ತದೆ. ಇದು ಶ್ವಾಸನಾಳದ ಒಳಪದರವನ್ನು ಕೆಡಿಸಿ ಮ್ಯಾನ್‌ಹೈಮಿಯಾ, ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕಿಳಿಯಲು ದಾರಿ ಮಾಡಿಕೊಡುತ್ತದೆ. ನ್ಯುಮೋನಿಯಾ ಆಗುವುದು ಸಾಮಾನ್ಯವಾಗಿ ಆ ಎರಡನೇ ಹೆಜ್ಜೆಯಲ್ಲಿ.

ಮೂರನೇ ದಾರಿ ಮನುಷ್ಯರು ಮತ್ತು ಅವರ ಸಾಮಾನು. ಬೂಟಿಗೆ ಹತ್ತಿದ ಸಗಣಿ, ಹಾಲಿನ ಬಕೆಟ್, ಕರುವಿಗೆ ಹಾಲುಣಿಸುವ ಬಾಟಲಿಯ ಮೊಲೆ, ಹೊಟ್ಟೆಗೆ ಇಳಿಸುವ ಕೊಳವೆ, ಥರ್ಮಾಮೀಟರ್, ದನ ಸಾಗಿಸುವ ಗಾಡಿ. ನಾರ್ವೆಯಲ್ಲಿ ಮಾಡಿದ ಪ್ರಯೋಗದಲ್ಲಿ ಸೋಂಕಿತ ಕರುಗಳ ಜೊತೆ ಇದ್ದು ಬಂದವರ ಮೂಗಿನಿಂದಲೂ ವೈರಸ್ಸಿನ ಆರ್‌ಎನ್‌ಎ ಸಿಕ್ಕಿತ್ತು, ಸಾಮಾನುಗಳ ಮೇಲಂತೂ ಜೀವಂತ ವೈರಸ್ ಮರುದಿನದವರೆಗೂ ಉಳಿದಿತ್ತು. ಮೂಗಿನಲ್ಲಿದ್ದದ್ದು ಅಲ್ಲಿ ಬೆಳೆಯುವುದಿಲ್ಲ, ಕೇವಲ ಸವಾರಿ. ಆದರೂ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಬಟ್ಟೆ ಬದಲಿಸದೆ ಹೋಗುವ ಅಭ್ಯಾಸ ಎಷ್ಟು ಅಪಾಯ ಎಂದು ಇದರಿಂದ ತಿಳಿಯುತ್ತದೆ.

ಚಳಿಗಾಲವೇ ಏಕೆ? ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ. ಬಿಸಿಲು, ಬಿಸಿ, ಒಣಗುವಿಕೆ ಆ ಹೊದಿಕೆಯನ್ನು ಒಡೆಯುತ್ತವೆ. ತಂಪಾದ ಒದ್ದೆ ಸಗಣಿಯಲ್ಲಿ ಅದು ಬಹಳ ಕಾಲ ಬಾಳುತ್ತದೆ. ಜೊತೆಗೆ ಚಳಿಗೆ ಕಿಟಕಿ ಮುಚ್ಚಿ ದನಗಳನ್ನು ಒತ್ತೊತ್ತಾಗಿ ಕಟ್ಟುತ್ತೇವೆ. ಹಾಗೆಂದು ಬೇಸಿಗೆಯಲ್ಲಿ ಬರುವುದೇ ಇಲ್ಲ ಎಂದಲ್ಲ. ಬೆಚ್ಚಗಿನ ತಿಂಗಳಲ್ಲೂ ದೊಡ್ಡ ಹಸುಗಳ ಭೇದಿ ಕೊರೊನಾದಿಂದ ಆದದ್ದು ದಾಖಲಾಗಿದೆ.

ನಿಮ್ಮ ಕೊಟ್ಟಿಗೆಯ ಘಟನೆಗಳ ಸರಣಿಯನ್ನು ನೋಡಿದರೆ, ಕರುಗಳ ಕಾಲದಲ್ಲೇ ಜಾಗವೆಲ್ಲ ವೈರಸ್ಸಿನಿಂದ ತುಂಬಿತ್ತು. ಹೊಸ ಹಸುಗಳು ಅದನ್ನು ಇಲ್ಲೇ ಹಿಡಿದಿರಬಹುದು, ಇಲ್ಲವೇ ತಾವೇ ಬೇರೊಂದು ತಳಿ ತಂದಿರಬಹುದು. ಕರುಗಳ ಮಾದರಿಯನ್ನು ಪ್ರಯೋಗಾಲಯದವರು ಹೆಪ್ಪುಗಟ್ಟಿಸಿ ಇಟ್ಟಿದ್ದರೆ, ಅದರದೂ ಹಸುಗಳದೂ ಸ್ಪೈಕ್ ಜೀನ್ (ವೈರಸ್ ಕೋಶಕ್ಕೆ ಅಂಟಿಕೊಳ್ಳುವ ಮುಳ್ಳಿನಂಥ ಪ್ರೋಟೀನಿನ ಜೀನ್) ಓದಿಸಿ ಹೋಲಿಸಿದರೆ ಇದು ತೀರ್ಮಾನವಾಗುತ್ತದೆ. ಒಂದೇ ಮೂಲದ ಸೋಂಕಾದರೆ ಜೀನಿನ ಅಕ್ಷರಗಳು ಹೆಚ್ಚುಕಡಿಮೆ ಒಂದೇ ಇರುತ್ತವೆ. ದೊಡ್ಡ ಹಸುಗಳಿಗೆ ಒಟ್ಟಿಗೇ ಭೇದಿಯಾದದ್ದು ಎರಡನೆಯದರ, ಅಂದರೆ ಹೊಸ ಹಸುಗಳೇ ತಳಿ ತಂದದ್ದರ, ಕಡೆ ಬೆರಳು ತೋರಿಸುತ್ತದೆ ಎಂಬುದು ನನ್ನ ಅಂದಾಜು, ಪುರಾವೆಯಲ್ಲ.

ವರದಿಯನ್ನು ಓದುವ ಬಗೆ

ಆರ್‌ಟಿ-ಪಿಸಿಆರ್ ಪರೀಕ್ಷೆ ಬಹಳ ಸೂಕ್ಷ್ಮ. ಆರೋಗ್ಯವಂತ ಕರುವಿನಲ್ಲೂ ಪಾಸಿಟಿವ್ ಬರಬಹುದು. ಹಾಗಾಗಿ ಒಂದು ಕರುವಿನ ಒಂದು ಪಾಸಿಟಿವ್ ಎಂದರೆ 'ವೈರಸ್ ಇದೆ' ಎಂದಷ್ಟೇ ಅರ್ಥ, 'ಭೇದಿಗೆ ಇದೇ ಕಾರಣ' ಎಂದಲ್ಲ. ಮುಂದಿನ ಸಲ ಭೇದಿ ಶುರುವಾಗಿ 24ರಿಂದ 48 ಗಂಟೆಯೊಳಗೆ, ಇನ್ನೂ ಔಷಧ ಕೊಡದ ನಾಲ್ಕೈದು ಕರುಗಳಿಂದ ತಲಾ ಒಂದೆರಡು ಚಮಚ ಸಗಣಿಯನ್ನು ನೆಲದಿಂದಲ್ಲ, ನೇರ ಗುದದಿಂದ ತೆಗೆಯಿರಿ. ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಮಂಜುಗಡ್ಡೆಯ ಜೊತೆ ಸುಮಾರು 4 ಡಿಗ್ರಿಯಲ್ಲಿ ಕಳಿಸಿ. ಫಾರ್ಮಾಲಿನ್ ಹಾಕಬಾರದು. ಕೊರೊನಾ ಒಂದನ್ನೇ ಅಲ್ಲದೆ ರೋಟಾ, ಕ್ರಿಪ್ಟೋಸ್ಪೊರಿಡಿಯಂ (ಏಕಕೋಶ ಪರಾವಲಂಬಿ), ಕರುಳಿಗೆ ಅಂಟಿಕೊಳ್ಳುವ ಕೆ99 ಎಳೆ ಇರುವ ಇ. ಕೋಲೈ ಬ್ಯಾಕ್ಟೀರಿಯಾ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಎಲ್ಲವನ್ನೂ ನೋಡಲು ಹೇಳಿ. ಇವು ಜೋಡಿಯಾಗಿ ಬರುವುದೇ ಹೆಚ್ಚು, ಜೋಡಿ ಬಂದಾಗಲೇ ಸಾವು ಹೆಚ್ಚು.

ವಯಸ್ಸೂ ಒಂದು ಸುಳಿವು. ಹುಟ್ಟಿದ ಮೊದಲ ನಾಲ್ಕು ದಿನದೊಳಗಿನ ಭೇದಿಯಲ್ಲಿ ಇ. ಕೋಲೈ ಮೇಲೆ ಅನುಮಾನ. ಐದನೇ ದಿನದಿಂದ ಎರಡು ವಾರದವರೆಗೆ ರೋಟಾ, ಐದನೇ ದಿನದಿಂದ ಒಂದು ತಿಂಗಳವರೆಗೆ ಕೊರೊನಾ ಮತ್ತು ಕ್ರಿಪ್ಟೋ, ಮೂರು ವಾರ ದಾಟಿದ ಮೇಲೆ ರಕ್ತಭೇದಿಯಾದರೆ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ. ಗಡಿಗಳು ಇಷ್ಟೇ ಕಟ್ಟುನಿಟ್ಟಲ್ಲ.

ವೈರಸ್ ಬದಲಾಗುತ್ತದೆಯೇ

ಬದಲಾಗುತ್ತದೆ, ಆದರೆ ನೀವು ಭಯಪಟ್ಟ ವೇಗದಲ್ಲಲ್ಲ. ಇದರ ಜೀನೋಮ್ ಸುಮಾರು 31,000 ಅಕ್ಷರಗಳ ಒಂಟಿ ಎಳೆಯ ಆರ್‌ಎನ್‌ಎ. ಆರ್‌ಎನ್‌ಎ ವೈರಸ್‌ಗಳಲ್ಲಿ ಇದು ಬಲು ಉದ್ದ. ಇಷ್ಟು ಉದ್ದದ್ದನ್ನು ನಕಲು ಮಾಡುವಾಗ ತಪ್ಪು ಹೆಚ್ಚಾದರೆ ವೈರಸ್ಸೇ ಉಳಿಯದು, ಹಾಗಾಗಿ ಕೊರೊನಾಗಳಲ್ಲಿ ತಪ್ಪು ತಿದ್ದುವ ಕಿಣ್ವವೂ ಇದೆ. ಸ್ಪೈಕ್ ಜೀನಿನಲ್ಲಿ ಅಳೆದಾಗ ವರ್ಷಕ್ಕೆ ಪ್ರತಿ ಹತ್ತು ಸಾವಿರ ಅಕ್ಷರಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಬದಲಾಗುತ್ತವೆ ಎಂದು ಕಂಡುಬಂದಿದೆ. ಯುರೋಪಿನ ತಳಿಗಳು ಒಂದು ಗುಂಪಾಗಿಯೂ ಅಮೆರಿಕ ಮತ್ತು ಏಷ್ಯಾದವು ಇನ್ನೊಂದು ಗುಂಪಾಗಿಯೂ ಕವಲೊಡೆದಿವೆ. ಆದರೂ ಸೀರೊಟೈಪ್ ಒಂದೇ ಎಂದು ಪರಿಗಣಿಸಲಾಗಿದೆ, ಅಂದರೆ ಒಂದು ತಳಿಗೆ ಬಂದ ಪ್ರತಿಕಾಯ ಉಳಿದವನ್ನೂ ಬಹುಮಟ್ಟಿಗೆ ಗುರುತಿಸುತ್ತದೆ.

ಹಾಗಿದ್ದರೆ ಅದೇ ದನಕ್ಕೆ ಮತ್ತೆ ಮತ್ತೆ ಏಕೆ? ಕರುಳು ಮತ್ತು ಮೂಗಿನ ಒಳಪದರದ ಪ್ರತಿಕಾಯ ಬಹುಕಾಲ ನಿಲ್ಲುವುದಿಲ್ಲ. ರಕ್ತದಲ್ಲಿ ಪ್ರತಿಕಾಯವಿದ್ದ ದನವೂ ಕೆಲವು ತಿಂಗಳ ನಂತರ ಮತ್ತೆ ಸೋಂಕು ಹಿಡಿಯುತ್ತದೆ. ಆಗ ರೋಗ ಲಘು, ಹೊರಹಾಕುವ ವೈರಸ್ಸೂ ಕಡಿಮೆ, ಆದರೆ ಹರಡಲು ಸಾಕು. ಪ್ರತಿ ವರ್ಷದ ಭೇದಿಗೆ ಹೊಸ ರೂಪಾಂತರ ಬೇಕಿಲ್ಲ, ಇಳಿದ ಪ್ರತಿರೋಧ ಮತ್ತು ಏರಿದ ಪ್ರಮಾಣ ಎರಡೇ ಸಾಕು. ತಳಿಯ ಹಿಂದೆ ಓಡುವುದಕ್ಕಿಂತ ಹಾಸಿಗೆ, ಗಿಣ್ಣು ಹಾಲು, ಹೊಸ ದನದ ಪ್ರವೇಶ ಈ ಮೂರನ್ನು ಹಿಡಿಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ದೀರ್ಘ ಕಾಲದಲ್ಲಿ ನೋಡಿದರೆ ಇದರ ಚರಿತ್ರೆ ಮಾತ್ರ ಅಚ್ಚರಿಯದು. ವೈರಸ್ಸಿನ ಮೇಲ್ಮೈಯಲ್ಲಿ ಸ್ಪೈಕ್ ಅಲ್ಲದೆ ಹೀಮಗ್ಲುಟಿನಿನ್-ಎಸ್ಟರೇಸ್ ಎಂಬ ಇನ್ನೊಂದು ಪ್ರೋಟೀನ್ ಇದೆ. ಕೋವಿಡ್ ವೈರಸ್ಸಿಗೆ ಇದಿಲ್ಲ. ಎಂಬೆಕೊ ಕವಲಿನ ಪೂರ್ವಜ ಇದನ್ನು ಇನ್‌ಫ್ಲುಯೆಂಜಾ ಸಿ ಜಾತಿಯ ವೈರಸ್ಸಿನಿಂದ ಪಡೆದಿರಬೇಕು. ಸ್ಪೈಕ್ ಕೋಶದ ಮೇಲಿನ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯ ಒಂದು ವಿಶೇಷ ರೂಪಕ್ಕೆ ಅಂಟಿಕೊಳ್ಳುತ್ತದೆ, ಎಸ್ಟರೇಸ್ ಬೇಕಾದಾಗ ಆ ಅಂಟನ್ನು ಬಿಡಿಸುತ್ತದೆ. ಲೋಳೆಯಲ್ಲಿ ಸಿಕ್ಕಿಕೊಳ್ಳದೆ ಕೋಶ ತಲುಪಲು ಇದು ನೆರವಾಗುತ್ತದೆ. ಈ ಸಕ್ಕರೆ ಅನೇಕ ಪ್ರಾಣಿಗಳ ಮೂಗು-ಕರುಳಿನಲ್ಲಿ ಇರುವುದರಿಂದ ವೈರಸ್ಸಿಗೆ ಬಾಗಿಲುಗಳು ಹಲವು. ಎಮ್ಮೆ, ಒಂಟೆ, ಜಿಂಕೆ, ಜಿರಾಫೆಗಳಲ್ಲಿ ಇದರ ಹತ್ತಿರದ ಬಂಧುಗಳು ಸಿಕ್ಕಿವೆ. ನಾಯಿಗಳ ಶ್ವಾಸಕೋಶದ ಕೊರೊನಾ, ಹಂದಿಮರಿಗಳ ನರರೋಗ ತರುವ ಕೊರೊನಾ ಕೂಡ ಇದೇ ಜಾತಿಯವು. ಎರಡು ತಳಿಗಳು ಒಂದೇ ಕೋಶಕ್ಕೆ ಹೊಕ್ಕಾಗ ನಕಲು ಮಾಡುವ ಕಿಣ್ವ ಒಂದರಿಂದ ಇನ್ನೊಂದರ ಎಳೆಗೆ ಜಿಗಿದು ಬೆರಕೆ ಮಾಡುವುದೂ ಉಂಟು. ಒಂದೊಂದೇ ಅಕ್ಷರದ ತಿದ್ದುಪಡಿಗಿಂತ ದೊಡ್ಡ ಬದಲಾವಣೆ ಬರುವುದು ಈ ದಾರಿಯಿಂದ. ಹಲವು ಕಡೆಯ ದನಗಳನ್ನು ಒಂದೆಡೆ ಬೆರೆಸುವುದು ಇಂಥ ಭೇಟಿಗೆ ಅವಕಾಶ ಕೊಡುತ್ತದೆ.

ಮನುಷ್ಯರಲ್ಲಿ ಸಾಮಾನ್ಯ ನೆಗಡಿ ತರುವ ಓಸಿ43 ಎಂಬ ಕೊರೊನಾ ಕೂಡ ದನಗಳ ವೈರಸ್ಸಿನ ಕಡೆಯಿಂದ ಬಂದದ್ದೆಂದು ಜೀನುಗಳು ಹೇಳುತ್ತವೆ. 2005ರಲ್ಲಿ ಬೆಲ್ಜಿಯಂನ ಲ್ಯೂವೆನ್ ಸಂಶೋಧಕರು ಎರಡರ ಪೂರ್ವಜ 1890ರ ಆಸುಪಾಸಿನಲ್ಲಿತ್ತು ಎಂದು ಲೆಕ್ಕ ಹಾಕಿದರು. ದನದ ವೈರಸ್ಸಿಗೆ ಹೋಲಿಸಿದರೆ ಓಸಿ43ರಲ್ಲಿ ಸ್ಪೈಕ್ ಜೀನಿನ ಆಚೆ 290 ಅಕ್ಷರಗಳ ತುಂಡೊಂದು ಕಳೆದುಹೋಗಿದೆ. 1889-90ರ ಜಾಗತಿಕ ಸಾಂಕ್ರಾಮಿಕ ಇದರಿಂದಲೇ ಆಗಿರಬಹುದೇ ಎಂಬ ಊಹೆಯೂ ಇದೆ, ಆ ಕಾಲದ ವೈರಸ್ ಮಾದರಿ ಇಲ್ಲದೆ ಅದು ಊಹೆಯಾಗಿಯೇ ಉಳಿದಿದೆ.

ಕಾಯಿಲೆ ಬಿದ್ದ ಕರುವಿಗೆ

ಕತ್ತಿನ ಚರ್ಮವನ್ನು ಚಿವುಟಿ ಎತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಮಟ್ಟವಾದರೆ ನೀರಿನ ಕೊರತೆ ಶೇ. 5ರೊಳಗೆ. ಎರಡರಿಂದ ಆರು ಸೆಕೆಂಡ್ ಹಿಡಿದು ಕಣ್ಣು ತುಸು ಒಳಹೋಗಿದ್ದರೆ ಶೇ. 6ರಿಂದ 8. ಆರು ಸೆಕೆಂಡ್ ಮೀರಿ, ಕಣ್ಣಿಗೂ ರೆಪ್ಪೆಗೂ ನಡುವೆ ಸ್ಪಷ್ಟ ಸಂದು ಕಂಡು, ಬಾಯಿ ತಣ್ಣಗಾಗಿ ಕರು ಮಲಗಿದ್ದರೆ ಶೇ. 8 ದಾಟಿದೆ. 40 ಕಿಲೋ ಕರುವಿಗೆ ಶೇ. 8 ಎಂದರೆ 3.2 ಲೀಟರ್ ಬಾಕಿ. ಅದರ ಮೇಲೆ ದಿನದ ಅಗತ್ಯ ಕಿಲೋಗೆ 50 ಮಿಲಿಯಂತೆ 2 ಲೀಟರ್, ಇನ್ನೂ ಹರಿಯುತ್ತಿರುವ ಭೇದಿಗೆ ಒಂದೆರಡು ಲೀಟರ್. ಒಟ್ಟು ದಿನಕ್ಕೆ 6-7 ಲೀಟರ್ ದ್ರವ. ದಿನಕ್ಕೊಮ್ಮೆ ಒಂದು ಲೀಟರ್ ಲವಣದ ನೀರು ಕುಡಿಸಿ 'ಕೊಟ್ಟೆವು, ಉಳಿಯಲಿಲ್ಲ' ಎನ್ನುವಲ್ಲಿ ಹೆಚ್ಚಿನ ಕರುಗಳು ಕಳೆದುಹೋಗುತ್ತವೆ.

ಕರುಗಳಿಗೆಂದೇ ತಯಾರಾದ ಓಆರ್‌ಎಸ್ ಪುಡಿ ಉತ್ತಮ. ಲೀಟರಿಗೆ 90ರಿಂದ 130 ಮಿಲಿಮೋಲ್ ಸೋಡಿಯಂ, ಜೊತೆಗೆ ಗ್ಲೂಕೋಸ್, ಪೊಟ್ಯಾಸಿಯಂ, ಆಮ್ಲ ತಗ್ಗಿಸಲು ಅಸಿಟೇಟ್ ಅಥವಾ ಬೈಕಾರ್ಬನೇಟ್ (ಅಡುಗೆ ಸೋಡಾದಲ್ಲಿರುವುದು) ಇರಬೇಕು. ಮನುಷ್ಯರ ಓಆರ್‌ಎಸ್‌ನಲ್ಲಿ ಸೋಡಿಯಂ 75 ಮಾತ್ರ, ಆಮ್ಲ ತಗ್ಗಿಸುವ ಶಕ್ತಿಯೂ ಕರುವಿಗೆ ಸಾಲದು. ತುರ್ತಿಗೆ ಏನೂ ಸಿಗದಿದ್ದರೆ ಒಂದು ಲೀಟರ್ ಬಿಸಿ ಮಾಡಿ ಆರಿಸಿದ ನೀರಿಗೆ ಅಡುಗೆ ಉಪ್ಪು 3.5 ಗ್ರಾಂ, ಅಡುಗೆ ಸೋಡಾ 4.2 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಗ್ಲೂಕೋಸ್ ಪುಡಿ 20ರಿಂದ 25 ಗ್ರಾಂ. ತಕ್ಕಡಿಯಲ್ಲಿ ತೂಗಿ, ಚಮಚದ ಅಂದಾಜು ಬೇಡ. ಉಪ್ಪು ಹೆಚ್ಚಾದರೆ ಮಿದುಳಿಗೇ ಹಾನಿ. ಬೇಕಿಂಗ್ ಪೌಡರ್ ಅಡುಗೆ ಸೋಡಾ ಅಲ್ಲ. ಗ್ಲೂಕೋಸ್ ಬದಲು ಸಕ್ಕರೆ, ಬೆಲ್ಲ ಎಂದೂ ಹಾಕಬೇಡಿ. ಅವುಗಳ ಸುಕ್ರೋಸ್ ಒಡೆಯುವ ಕಿಣ್ವ ಕರುವಿನ ಕರುಳಲ್ಲಿ ಇಲ್ಲ. ಒಡೆಯದ ಸಕ್ಕರೆ ನೀರನ್ನು ಎಳೆದು ಭೇದಿಯನ್ನೇ ಹೆಚ್ಚಿಸುತ್ತದೆ. ಒಳ್ಳೆಯ ಉದ್ದೇಶದಿಂದ ಮಾಡುವ ಈ ತಪ್ಪು ಬಹಳ ಕಡೆ ಇದೆ.

ದ್ರವ 38-39 ಡಿಗ್ರಿ ಬೆಚ್ಚಗಿರಲಿ, ಒಂದು ಸಲಕ್ಕೆ 2 ಲೀಟರ್ ಮೀರಬಾರದು. ಹಾಲು ನಿಲ್ಲಿಸಬೇಡಿ. ಲವಣದ ನೀರಲ್ಲಿ ಕರುವನ್ನು ಬದುಕಿಸುವಷ್ಟು ಶಕ್ತಿ ಇಲ್ಲ, ಹಸಿವಿನಿಂದ ಕರುಳಿನ ಬೆರಳುಗಳು ಮತ್ತೆ ಬೆಳೆಯುವುದೂ ತಡವಾಗುತ್ತದೆ. ಮಾಮೂಲಿ ಹಾಲನ್ನೇ ಮೂರು ನಾಲ್ಕು ಬಾರಿಗೆ ಹಂಚಿ. ಬೈಕಾರ್ಬನೇಟ್ ಇರುವ ದ್ರವ ಹಾಲು ಹೆಪ್ಪುಗಟ್ಟದಂತೆ ಮಾಡುವುದರಿಂದ ಹಾಲಿಗೂ ಅದಕ್ಕೂ ಮೂರು ನಾಲ್ಕು ಗಂಟೆ ಅಂತರ ಕೊಡಿ, ಅಸಿಟೇಟ್ ಇರುವುದಕ್ಕೆ ಈ ತೊಂದರೆ ಇಲ್ಲ.

ಬಾಯಿಗೆ ಬೆರಳಿಟ್ಟರೆ ಚೀಪದ, ಎದ್ದು ನಿಲ್ಲದ ಕರುವಿಗೆ ಪಶುವೈದ್ಯರು ರಕ್ತನಾಳದ ಮೂಲಕವೇ ದ್ರವ ಕೊಡಬೇಕು. ಒಂದು ವಾರ ದಾಟಿದ ಕರುಗಳ ವಿಷಯದಲ್ಲಿ ಒಂದು ಎಚ್ಚರ: ಕಣ್ಣು ಅಷ್ಟೇನೂ ಒಳಹೋಗದೆ ಇದ್ದರೂ ಕರು ಅಮಲೇರಿದಂತೆ ತೂರಾಡಿದರೆ ರಕ್ತದಲ್ಲಿ ಡಿ-ಲ್ಯಾಕ್ಟಿಕ್ ಆಮ್ಲ ತುಂಬಿದೆ ಎಂದು ಅನುಮಾನಿಸಿ. ನೀರಿಗಿಂತ ಅದಕ್ಕೆ ಬೈಕಾರ್ಬನೇಟ್ ಬೇಕು. ಗುದದ ಉಷ್ಣ 38ಕ್ಕಿಂತ ಕೆಳಗಿಳಿದರೆ ಒಣಗಿಸಿ ಬೆಚ್ಚಗಿಡಿ. ಆಂಟಿಬಯೋಟಿಕ್ ವೈರಸ್ಸಿಗೆ ಕೆಲಸ ಮಾಡುವುದಿಲ್ಲ. ಆದರೆ ಜ್ವರ, ತೀವ್ರ ನಿಶ್ಶಕ್ತಿ, ರಕ್ತಭೇದಿ ಇದ್ದಾಗ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಿರಬಹುದು, ಆ ತೀರ್ಮಾನ ವೈದ್ಯರದು. ಕರುಳಿನ ಚಲನೆ ನಿಲ್ಲಿಸುವ ಮದ್ದು ಬೇಡ.

ಭೇದಿಯಾದ ದೊಡ್ಡ ಹಸುಗಳು ಹೆಚ್ಚಿನವು ವಾರದೊಳಗೆ ತಾವೇ ಸುಧಾರಿಸುತ್ತವೆ, ಸಾಯುವುದು ನೂರಕ್ಕೆ ಒಂದೆರಡು. ಧಾರಾಳ ನೀರು, ಉಪ್ಪು, ರುಚಿಯ ಒಣಮೇವು ಕೊಡಿ. ಹಾಲು ಹಳೆಯ ಮಟ್ಟಕ್ಕೆ ಬರಲು ವಾರಗಳು ಬೇಕು, ಸೂಲಿನ ಕೊನೆಯಲ್ಲಿರುವವು ಪೂರ್ತಿ ಬಾರದೆಯೂ ಹೋಗಬಹುದು.

ಮುಂದಿನ ಹಂಗಾಮಿಗೆ

ಗಿಣ್ಣು ಹಾಲೇ ಎಲ್ಲಕ್ಕಿಂತ ದೊಡ್ಡದು. ಕರುವಿನ ತೂಕದ ಶೇ. 10ರಷ್ಟು, ಅಂದರೆ 40 ಕಿಲೋಗೆ 4 ಲೀಟರ್, ಮೊದಲ ಎರಡು ಗಂಟೆಯಲ್ಲಿ ಹೊಟ್ಟೆ ಸೇರಲಿ. 12 ಗಂಟೆಯೊಳಗೆ ಇನ್ನೂ 2 ಲೀಟರ್. ಕರುಳು ಪ್ರತಿಕಾಯವನ್ನು ರಕ್ತಕ್ಕೆ ಬಿಡುವ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ ಹೋಗಿ ಒಂದು ದಿನಕ್ಕೆ ಮುಚ್ಚಿಯೇ ಬಿಡುತ್ತದೆ. ದ್ರವದಲ್ಲಿ ಕರಗಿದ ಅಂಶವನ್ನು ಅಳೆಯುವ ಬ್ರಿಕ್ಸ್ ಮಾಪಕದಲ್ಲಿ ಗಿಣ್ಣು ಹಾಲು ಶೇ. 22 ಅಥವಾ ಹೆಚ್ಚು ತೋರಿಸಿದರೆ ಒಳ್ಳೆಯದು. ಎರಡರಿಂದ ಏಳು ದಿನದ ಕರುವಿನ ರಕ್ತದ ಸೀರಮ್ಮನ್ನು ಅದೇ ಮಾಪಕದಲ್ಲಿ ನೋಡಿದಾಗ 8.4ಕ್ಕಿಂತ ಕಡಿಮೆ ಬಂದರೆ ಗಿಣ್ಣು ಸಾಲಲಿಲ್ಲ ಎಂದೇ ಅರ್ಥ. ನಿಮ್ಮ ಸತ್ತ ಎರಡು ಕರುಗಳ ವಿಷಯದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಇದು.

ಲಸಿಕೆ ಇದೆ. ರೋಟಾ, ಕೊರೊನಾ, ಇ. ಕೋಲೈ ಮೂರನ್ನೂ ಸೇರಿಸಿದ್ದನ್ನು ಗಬ್ಬದ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಹಾಕುತ್ತಾರೆ. ಎಷ್ಟು ಸಲ, ಎಷ್ಟು ವಾರ ಮೊದಲು ಎಂಬುದು ಲಸಿಕೆಯಿಂದ ಲಸಿಕೆಗೆ ಬೇರೆ, ಡಬ್ಬಿಯ ಮೇಲಿನ ಸೂಚನೆಯಂತೆ ಕರು ಹಾಕುವ ದಿನದಿಂದ ಹಿಂದಕ್ಕೆ ಎಣಿಸಿ. ಇದರ ಕೆಲಸ ಗಿಣ್ಣು ಹಾಲಿನ ಪ್ರತಿಕಾಯ ಹೆಚ್ಚಿಸುವುದು. ಆ ಹಾಲು ಕರುವಿನ ಹೊಟ್ಟೆ ಸೇರದಿದ್ದರೆ ಲಸಿಕೆ ವ್ಯರ್ಥ. ಒಂದೇ ದಿನದ ಗಿಣ್ಣಿನಿಂದಲೂ ಪೂರ್ಣ ಫಲವಿಲ್ಲ. ಕರುಳಿನೊಳಗೇ ವೈರಸ್ಸನ್ನು ಎದುರಿಸಲು ಪ್ರತಿಕಾಯ ಪ್ರತಿ ದಿನ ಬೀಳುತ್ತಿರಬೇಕು, ಆದ್ದರಿಂದ ಲಸಿಕೆಯಾದ ಹಸುಗಳ ಮೊದಲ ದಿನಗಳ ಹಾಲನ್ನು ತಂಪಿನಲ್ಲಿಟ್ಟು ಎರಡು ವಾರದವರೆಗೆ ಕರುವಿನ ಹಾಲಿಗೆ ಬೆರೆಸಿ. ದೊಡ್ಡ ಹಸುಗಳ ಭೇದಿಯನ್ನು ಇದು ತಡೆಯುತ್ತದೆ ಎಂದು ನಂಬಿ ಹಾಕಿಸಬೇಡಿ.

ಕರು ಹಾಕುವ ಜಾಗ ಒಣಗಿರಲಿ, ಪ್ರತಿ ಹಸುವಿಗೂ ಹೊಸ ಹಾಸು. ಮೊಲೆ ತೊಳೆದು ಒರೆಸಿ. ಹುಟ್ಟಿದ ಕರುವನ್ನು ಹಳೆಯ ಕರುಗಳ ನಡುವೆ ಬಿಡದೆ, ಪರಸ್ಪರ ಮೂತಿ ತಾಗದ ಒಂಟಿ ಗೂಡಿನಲ್ಲಿಡಿ. ವಯಸ್ಸು ಬೆರೆಸದಿರುವುದು ಎಷ್ಟು ಫಲ ಕೊಡುತ್ತದೆ ಎಂದರೆ, ನೆಬ್ರಾಸ್ಕಾದಲ್ಲಿ ಬಯಲಿನಲ್ಲಿ ಮೇಯುವ ಮಂದೆಗಳಿಗೆ ರೂಪಿಸಿದ ಪದ್ಧತಿಯಲ್ಲಿ ಕರು ಹಾಕಿದವನ್ನು ಅಲ್ಲೇ ಬಿಟ್ಟು, ಇನ್ನೂ ಹಾಕದ ಗಬ್ಬದ ಹಸುಗಳನ್ನು ವಾರಕ್ಕೊಮ್ಮೆ ಹೊಸ ಜಾಗಕ್ಕೆ ಕರೆದೊಯ್ಯುತ್ತಾರೆ. ಜಾಗ ಕಡಿಮೆ ಇದ್ದರೂ ತತ್ವ ಅದೇ: ಎಳೆಯದಕ್ಕೆ ಮೊದಲು ಹಾಲು, ನಂತರ ದೊಡ್ಡವಕ್ಕೆ, ಕೊನೆಗೆ ರೋಗಿಗೆ. ರೋಗಿಗೆ ಬೇರೆಯೇ ಬಕೆಟ್, ಬೂಟು, ಕೊಳವೆ.

ತೊಳೆಯುವಾಗ ಜನ ಎಡವುವುದು ಸಗಣಿಯ ಮೇಲೆಯೇ ಬ್ಲೀಚ್ ಸುರಿಯುವಲ್ಲಿ. ಸಗಣಿಯೇ ಬ್ಲೀಚನ್ನು ತಿಂದುಬಿಡುತ್ತದೆ. ಮೊದಲು ಕೆರೆದು ತೆಗೆಯಿರಿ, ಆಮೇಲೆ ಸೋಪಿನ ಬಿಸಿನೀರಲ್ಲಿ ಉಜ್ಜಿ, ತೊಳೆದು ಒಣಗಲು ಬಿಟ್ಟು, ನಂತರ ಶೇ. 0.1 ಸೋಡಿಯಂ ಹೈಪೊಕ್ಲೋರೈಟ್ ಹಾಕಿ. ಡಬ್ಬಿಯಲ್ಲಿ ಶೇ. 5 ಎಂದಿದ್ದರೆ ಒಂದು ಲೀಟರಿಗೆ 20 ಮಿಲಿ. ಹತ್ತು ನಿಮಿಷ ಒದ್ದೆಯಾಗಿರಬೇಕು. ಹಾಲಿನ ಪಾತ್ರೆಗಳನ್ನು ಮೊದಲು ಉಗುರುಬೆಚ್ಚನೆಯ ನೀರಲ್ಲಿ ಕಲಕಿ, ಕುದಿನೀರು ಮೊದಲೇ ಹಾಕಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಅಂಟುತ್ತದೆ. ಕೊರೊನಾ ಸೋಪಿಗೂ ಬ್ಲೀಚಿಗೂ ಸುಲಭವಾಗಿ ಸಾಯುತ್ತದೆ, ಕ್ರಿಪ್ಟೋಸ್ಪೊರಿಡಿಯಂ ಬ್ಲೀಚಿಗೆ ಜಗ್ಗುವುದಿಲ್ಲ. ಅದಕ್ಕೆ ಬಿಸಿ ಮತ್ತು ಪೂರ್ತಿ ಒಣಗುವಿಕೆಯೇ ಮದ್ದು, ಹಾಗಾಗಿ ಗೂಡುಗಳು ಸರದಿಯಲ್ಲಿ ಬಿಸಿಲು ಕಾಣಲಿ.

ಹೊಸ ಹಸುಗಳನ್ನು ಎರಡರಿಂದ ಮೂರು ವಾರ ಬೇರೆ ಗಾಳಿ, ಬೇರೆ ನೀರಿನ ತೊಟ್ಟಿ ಇರುವ ಕಡೆ ಕಟ್ಟಿ, ಕೊನೆಗೆ ಅವುಗಳ ಕೆಲಸ ಮಾಡಿ. ಸೋಂಕಿತ ದನ ಸಾಮಾನ್ಯವಾಗಿ ಎರಡು ವಾರದವರೆಗೆ ವೈರಸ್ ಬಿಡುತ್ತದೆ, ಅದಕ್ಕಿಂತ ತುಸು ಹೆಚ್ಚು ಕಾದರೆ ದೊಡ್ಡ ಅಲೆ ಕಳೆದಿರುತ್ತದೆ. ಕರುಗಳಲ್ಲಿ ಭೇದಿ ಇರುವಾಗ ಹೊಸ ದನ ತರುವುದನ್ನೇ ಮುಂದೂಡಿ. ಚಳಿಯಲ್ಲೂ ಮೇಲ್ಭಾಗದ ಗವಾಕ್ಷಿ ತೆರೆದಿರಲಿ. ಕರುವಿಗೆ ನೇರ ಗಾಳಿ ಬಡಿಯದಂತೆ ಅಡ್ಡ ಹಾಕಿ, ಮೊಣಕಾಲು ಮುಳುಗುವಷ್ಟು ಒಣಹುಲ್ಲು ಕೊಟ್ಟರೆ ಅದು ಚಳಿ ತಡೆಯುತ್ತದೆ. ಅಮೋನಿಯಾ ತುಂಬಿದ ಬೆಚ್ಚನೆಯ ಗಾಳಿ ಶ್ವಾಸನಾಳಕ್ಕೆ ಚಳಿಗಿಂತ ಕೆಟ್ಟದ್ದು.

ಮನೆಯವರ ಬಗ್ಗೆ

ದನದ ವೈರಸ್ಸಿಗೆ ಬಹಳ ಹತ್ತಿರದ ಕೊರೊನಾ ಒಂದು 1980ರ ದಶಕದ ಕೊನೆಯಲ್ಲಿ ಭೇದಿಯಿದ್ದ ಮಗುವಿನಲ್ಲಿ ಸಿಕ್ಕಿತ್ತು. ಹಾಗಾಗಿ ದಾಟುವುದು ಅಸಾಧ್ಯವಲ್ಲ, ಆದರೆ ದನ ಸಾಕುವವರಲ್ಲಿ ಇದರಿಂದ ರೋಗ ಹರಡಿದ ಉದಾಹರಣೆ ಇಲ್ಲ. ಕೋವಿಡ್ ವೈರಸ್ ಕೂಡ ದನದಲ್ಲಿ ಚೆನ್ನಾಗಿ ಬೆಳೆಯುವುದಿಲ್ಲ. 2020ರಲ್ಲಿ ಜರ್ಮನಿಯ ಫ್ರೀಡ್ರಿಶ್ ಲ್ಯೋಫ್ಲರ್ ಸಂಸ್ಥೆಯಲ್ಲಿ ಆರು ದನಗಳ ಮೂಗಿಗೆ ಅದನ್ನು ಹಾಕಿದಾಗ ಎರಡಕ್ಕೆ ಮಾತ್ರ ಲಘುವಾಗಿ ತಗುಲಿತು, ಜೊತೆಗಿದ್ದ ಮೂರಕ್ಕೆ ಹರಡಲಿಲ್ಲ. ಭೇದಿಯಾದ ಕರುವನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕಾದದ್ದು ಕೊರೊನಾಕ್ಕಿಂತ ಹೆಚ್ಚಾಗಿ ಅದೇ ಸಗಣಿಯಲ್ಲಿ ಇರಬಹುದಾದ ಕ್ರಿಪ್ಟೋಸ್ಪೊರಿಡಿಯಂ ಮತ್ತು ಸಾಲ್ಮೊನೆಲ್ಲಾಕ್ಕಾಗಿ. ಅವೆರಡೂ ಮನುಷ್ಯರಿಗೆ, ಮುಖ್ಯವಾಗಿ ಚಿಕ್ಕ ಮಕ್ಕಳಿಗೆ, ನಿಜವಾಗಿಯೂ ಅಂಟುತ್ತವೆ. ಭೇದಿ ನಿಲ್ಲುವವರೆಗೆ ಮಕ್ಕಳನ್ನು ಕರುಗಳ ಗೂಡಿಗೆ ಬಿಡಬೇಡಿ, ಹಾಲನ್ನು ಕುದಿಸಿಯೇ ಕುಡಿಯಿರಿ.